ಹಂಗಾಮಿನ ಪರಾತ: ತಿನ್ನುವ ಸಾಮಾನಿನಲ್ಲೇ ಸಣ್ಣ ಮಕ್ಕಳ ಆಟ

ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಸಣ್ಣ ಮಗು ಕೂತಿದ್ದರೆ ಏನಾಗುತ್ತದೆ ಅಂತ ಕಲಬುರಗಿಯ ಯಾವ ಮನೆಯವರಿಗೂ ಹೇಳಬೇಕಿಲ್ಲ. ಕೈ ನೇರ ಹಿಟ್ಟಿಗೇ ಹೋಗುತ್ತದೆ. ನನ್ನ ಮಗಳಿಗೆ ಒಂದೂವರೆ ವರ್ಷ ಇದ್ದಾಗ ನಾನು ದಿನಾ ಅವಳ ಕೈ ಸರಿಸುತ್ತಿದ್ದೆ, ಅವಳು ದಿನಾ ಅಳುತ್ತಿದ್ದಳು. ಒಂದು ದಿನ ನಮ್ಮ ಅತ್ತೆ ನಿಂಬೆಹಣ್ಣಿನಷ್ಟು ಹಿಟ್ಟು ತೆಗೆದು ಅವಳ ಕೈಗಿಟ್ಟರು. "ಹಿಡಿ, ನಿನ್ನ ರೊಟ್ಟಿ ನೀನೇ ಬಡಿ" ಅಂದರು. ಮುಂದಿನ ಅರ್ಧ ತಾಸು ಮನೆಯಲ್ಲಿ ತಪ್ ತಪ್ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ.

ಮುಟ್ಟಿ, ಮೂಸಿ, ಹಿಚುಕಿ, ಕೇಳಿ, ನೆಕ್ಕಿ ನೋಡುವ ಈ ಆಟಕ್ಕೆ ಈಗ ಸೆನ್ಸರಿ ಪ್ಲೇ ಅನ್ನುತ್ತಾರೆ. ಅದಕ್ಕಾಗಿ ಬಣ್ಣದ ಮಣ್ಣು, ಪ್ಲಾಸ್ಟಿಕ್ ಮಣಿ, ಜೆಲ್ ಎಲ್ಲ ಡಬ್ಬಿಯಲ್ಲಿ ಸಿಗುತ್ತವೆ. ಒಂದರಿಂದ ಐದು ವರ್ಷದ ಮಕ್ಕಳಿಗೆ ಅದ್ಯಾವುದೂ ಬೇಕಾಗಿಲ್ಲ ಅನ್ನುವುದು ನನ್ನ ಅನುಭವ. ಈ ವಯಸ್ಸಿನವರು ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಯೇ ಹಾಕುತ್ತಾರೆ. ಹಾಗಾದರೆ ಬಾಯಿಗೆ ಹೋಗಬಹುದಾದ ಸಾಮಾನನ್ನೇ ಕೊಡುವುದು ಒಳ್ಳೆಯದು ಅಲ್ವಾ? ಅಂಥ ಸಾಮಾನು ನಮ್ಮ ಭಾಗದಲ್ಲಿ ಹಂಗಾಮು ಬದಲಾದಂತೆ ತಾನಾಗಿಯೇ ಮನೆಗೆ ಬರುತ್ತದೆ. ಚಳಿಗೆ ತೊಗರಿಕಾಯಿ, ಬೇಸಿಗೆಗೆ ಮಾವಿನಕಾಯಿ, ಮಳೆಗಾಲಕ್ಕೆ ಹೆಸರುಕಾಳು.

ಒಂದು ಮಾತು ಮೊದಲೇ ಹೇಳಬೇಕು. ತವರಿನಲ್ಲಿ ಮಗಳ ಮುಂದೆ ಜೋಳ ಸುರುವಿ ಕೂರಿಸಿದಾಗ ನಮ್ಮ ಆಯಿಗೆ ಸಿಟ್ಟು ಬಂದಿತ್ತು. "ಅನ್ನ ಕಾಲಾಗ ತುಳಿಬಾರ್ದವ್ವಾ" ಅಂದಳು. ಅವಳ ಮಾತು ಸರಿ. ಮಳೆ ಕೈಕೊಟ್ಟ ವರ್ಷಗಳನ್ನು ಕಂಡವಳು ಅವಳು. ಅವತ್ತಿನಿಂದ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಆಟ ಮುಗಿದ ಮೇಲೆ ಈ ಸಾಮಾನು ಎಲ್ಲಿಗೆ ಹೋಗುತ್ತದೆ ಅಂತ ಆಟ ಶುರು ಮಾಡುವ ಮೊದಲೇ ತೀರ್ಮಾನ ಮಾಡುವುದು. ಒಲೆಗೋ, ಹಸುವಿಗೋ, ಗುಬ್ಬಿಗೋ, ಗಿಡದ ಬುಡಕ್ಕೋ? ಉತ್ತರ ಹೊಳೆಯದಿದ್ದರೆ ಆ ಆಟ ಬೇಡ. ಸಾಮಾನು ಒಂದು ಹಿಡಿ, ಹೆಚ್ಚೆಂದರೆ ಎರಡು ಹಿಡಿ ಸಾಕು. ಮಗುವಿಗೆ ಅದೇ ರಾಶಿ.

ಕೂರಿಸುವ ಮೊದಲು

ಬೇಕಾದದ್ದು ಇಷ್ಟೇ. ಅಂಚು ಎತ್ತರವಿರುವ ಒಂದು ಪರಾತ (ಹಿಟ್ಟು ನಾದುವ ಅಗಲ ತಟ್ಟೆ), ಎರಡು ಸ್ಟೀಲ್ ಬಟ್ಟಲು, ಒಂದು ಸೌಟು, ಕೆಳಗೆ ಹಾಸಲು ಮುತ್ಯಾನ ಹಳೆ ಧೋತರ. ಧೋತರವೇ ಯಾಕೆ ಅಂದರೆ ಅದು ಅಗಲ ಇರುತ್ತದೆ, ಜಾರುವುದಿಲ್ಲ. ಆಟ ಮುಗಿದ ಮೇಲೆ ನಾಲ್ಕು ತುದಿ ಹಿಡಿದು ಎತ್ತಿದರೆ ಚೆಲ್ಲಿದ ಪ್ರತಿ ಕಾಳೂ ನಡುವೆ ಬಂದು ಕೂರುತ್ತದೆ. ಆಯಿ ಒಪ್ಪಿದ್ದು ಇದನ್ನು ನೋಡಿದ ಮೇಲೆ.

ಈಗ ಮುಖ್ಯ ವಿಷಯ. ತಿನ್ನುವ ಸಾಮಾನು ಅಂದ ಮಾತ್ರಕ್ಕೆ ಅಪಾಯ ಇಲ್ಲ ಅಂತಲ್ಲ.

ಗಟ್ಟಿ ಕಾಳು, ಇಡೀ ಶೇಂಗಾ, ಪುಟಾಣಿ (ಹುರಿಗಡಲೆ), ಕಡಲೆ, ಜೋಳದ ಅಳ್ಳು (ಅರಳು) ಸಣ್ಣ ಮಕ್ಕಳ ಉಸಿರಿನ ನಾಳಕ್ಕೆ ಸಿಕ್ಕಿಕೊಳ್ಳುತ್ತವೆ. ಶೇಂಗಾ, ಪುಟಾಣಿ, ಅಳ್ಳು ನಾಲ್ಕು ವರ್ಷ ತುಂಬುವವರೆಗೂ ಇಡಿಯಾಗಿ ಬೇಡವೇ ಬೇಡ. ಬೇರೆ ಕಾಳುಗಳ ಆಟವೂ ಮೂರು ವರ್ಷ ದಾಟಿದ ಮೇಲೆ, ಅದೂ ನೀವು ಎದುರಿಗೆ ಕೂತಿದ್ದಾಗ ಮಾತ್ರ. ನಮ್ಮ ಅಣ್ಣನ ಮಗಳು ಒಂದು ತೊಗರಿಕಾಳನ್ನು ಮೂಗಿಗೆ ಹಾಕಿಕೊಂಡು ಯಾರಿಗೂ ಹೇಳಿರಲಿಲ್ಲ. ಮೂಗಿನ ತೇವಕ್ಕೆ ಕಾಳು ಉಬ್ಬಿತು. ಮರುದಿನ ಡಾಕ್ಟರ್ ತೆಗೆಯುವಾಗ ಕೂಸು ಒದ್ದಾಡಿದ್ದನ್ನು ನೋಡಲು ಆಗಲಿಲ್ಲ. ಹಾಗೇನಾದರೂ ಆದರೆ ಪಿನ್ನು, ಕಡ್ಡಿ ಹಾಕಿ ತೆಗೆಯಲು ಹೋಗಬೇಡಿ. ಕಾಳು ಇನ್ನೂ ಒಳಗೆ ಹೋಗುತ್ತದೆ. ಕಿವಿ-ಮೂಗು-ಗಂಟಲು ಡಾಕ್ಟರ ಹತ್ತಿರ ಹೋಗಿ.

ಗಂಟಲಿಗೆ ಸಿಕ್ಕಿದಾಗ ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ, ಬಾಯೊಳಗೆ ಬೆರಳು ಹಾಕಿ ಕೆದಕಬೇಡಿ. ಸದ್ದೇ ಬರದೆ ಒದ್ದಾಡುತ್ತಿದ್ದರೆ ಮುಂದಕ್ಕೆ ಬಗ್ಗಿಸಿ, ಎರಡು ಹೆಗಲಿನ ನಡುವೆ ಬೆನ್ನಿಗೆ ಅಂಗೈಯಿಂದ ಐದು ಸಲ ಗಟ್ಟಿಯಾಗಿ ಹೊಡೆಯಿರಿ. ಜೊತೆಗಿದ್ದವರು 108ಕ್ಕೆ ಫೋನ್ ಮಾಡಲಿ. ಮುಂದಿನ ಹಂತವನ್ನು ನಿಮ್ಮ ಮಕ್ಕಳ ಡಾಕ್ಟರರಿಂದ ಒಮ್ಮೆ ಎದುರಿಗೇ ಕಲಿತುಕೊಳ್ಳಿ. ಓದಿ ಕಲಿಯುವ ಕೆಲಸ ಅಲ್ಲ ಅದು.

ಹಸಿ ಹಿಟ್ಟಿನಲ್ಲಿ ಹೊಟ್ಟೆ ಕೆಡಿಸುವ ರೋಗಾಣು ಇರಬಹುದು. ಹಾಗಾಗಿ ಬೇಯಿಸಿದ ಹಿಟ್ಟನ್ನೇ ಆಟಕ್ಕೆ ಕೊಡಿ. ಅತ್ತೆ ಅವತ್ತು ಕೊಟ್ಟದ್ದು ಬಿಸಿ ಎಸರಿನಲ್ಲಿ ನಾದಿದ ಹಿಟ್ಟು. ಈಗ ನಾನು ಅದನ್ನೂ ಪೂರ್ತಿ ಬೇಯಿಸಿಯೇ ಕೊಡುತ್ತೇನೆ, ಹೇಗೆ ಅಂತ ಕೆಳಗಿದೆ. ಹಿಟ್ಟು ಕೆಡದಿರಲಿ ಅಂತ ಕೆಲವರು ಬಟ್ಟಲುಗಟ್ಟಲೆ ಉಪ್ಪು ಸುರಿಯುತ್ತಾರೆ. ಬಾಯಿಗೆ ಹಾಕುವ ಮಕ್ಕಳಿಗೆ ಅದು ಅಪಾಯ. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ಒಂದು ಹನಿಯೂ ಬೇಡ. ಶೇಂಗಾ, ಎಳ್ಳು, ಗೋಧಿ, ಹಾಲು ಇವು ಕೆಲವು ಮಕ್ಕಳಿಗೆ ಒಗ್ಗುವುದಿಲ್ಲ. ಮಗು ಮೊದಲೇ ತಿಂದು ಅರಗಿಸಿಕೊಂಡ ಸಾಮಾನನ್ನೇ ಪರಾತಕ್ಕೆ ಹಾಕಿ. ಆಟಕ್ಕೆ ಮೊದಲೂ ಆಮೇಲೂ ಕೈ ತೊಳೆಸಿ.

ಚಳಿಗಾಲ: ಸುಲಿಯುವುದು, ತಿಕ್ಕುವುದು, ಊದುವುದು

ನನಗೆ ಎಲ್ಲಕ್ಕಿಂತ ಇಷ್ಟದ ಹಂಗಾಮು ಇದು. ಎಳ್ಳಮಾಸಿಯ ಹಿಂದೆ ಮುಂದೆ ಸಂತೆ ತುಂಬ ಹಸಿರೇ ಹಸಿರು. ಭಜ್ಜಿಗೆ (ಹಸಿ ಕಾಳು, ಸೊಪ್ಪು ಕೂಡಿಸಿ ಮಾಡುವ ಹಬ್ಬದ ಪಲ್ಯಕ್ಕೆ) ಬೇಕಾದ ತೊಗರಿಕಾಯಿ, ಹಸಿ ಕಡಲೆ, ಅವರೆ, ಸೊಪ್ಪು ಎಲ್ಲ ಮನೆಗೆ ಬಂದು ಬಿದ್ದಿರುತ್ತದೆ. ಭಜ್ಜಿಗೆ ಸುಲಿಯುವ ಕೆಲಸವನ್ನೇ ಆಟ ಮಾಡಬಹುದು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿನ ಸರ್ಕಾರಿ ಗುರುತು ಸಿಕ್ಕಿತು. ಆ ಬೇಳೆ ಕಾಯಿಯೊಳಗೆ ಹೇಗೆ ಸಾಲಾಗಿ ಕೂತಿರುತ್ತದೆ ಅಂತ ನಮ್ಮ ಮಕ್ಕಳು ಬಿಚ್ಚಿ ನೋಡಬೇಡವೇ?

ಮೂರು ವರ್ಷ ದಾಟಿದವರಿಗೆ ಹೀಗೆ ಮಾಡಿ:

1. ಕಾಲು ಕಿಲೋ ಹಸಿ ತೊಗರಿಕಾಯಿ, ಕಾಯಿ ಸಮೇತ ಒಂದು ಹಿಡಿ ಕಡಲೆಗಿಡ ತನ್ನಿ. ತೊಗರಿಗೆ ಔಷಧಿ ಜಾಸ್ತಿ ಹೊಡೆಯುತ್ತಾರೆ. ಹಾಗಾಗಿ ಉಪ್ಪುನೀರಿನಲ್ಲಿ ಕಾಲು ತಾಸು ನೆನೆಸಿ, ಎರಡು ನೀರಿನಲ್ಲಿ ತಿಕ್ಕಿ ತೊಳೆದು ಒರೆಸಿ.

2. ಬೆಳಗಿನ ಎಳೆ ಬಿಸಿಲಿನಲ್ಲಿ ಧೋತರ ಹಾಸಿ. ಬೀದರ್ ಕಡೆಯವರು ಸ್ವಲ್ಪ ತಡವಾಗಿ ಶುರು ಮಾಡಿ, ಅಲ್ಲಿ ಚಳಿ ಜೋರು.

3. ಸುಲಿಯುವುದನ್ನು ಮೊದಲೇ ತೋರಿಸಬೇಡಿ. ಒಂದು ಒಣ ತೊಗರಿಕಾಯಿ, ಒಂದು ಹಸಿ ಕಾಯಿ ಕೊಟ್ಟು ಕಿವಿ ಹತ್ತಿರ ಅಲ್ಲಾಡಿಸಲು ಹೇಳಿ. ಒಂದು ಗಲಗಲ ಅನ್ನುತ್ತದೆ, ಇನ್ನೊಂದು ಸುಮ್ನೆ ಇರುತ್ತದೆ. ಯಾಕೆ ಅಂತ ಮಗುವೇ ಕೇಳುತ್ತದೆ. ಆಗ ಬಿಚ್ಚಿ ತೋರಿಸಿ.

4. ಕಡಲೆಗಿಡದ ಕಾಯಿ ಒಳಗೆ ಗಾಳಿ ತುಂಬಿಕೊಂಡು ಉಬ್ಬಿರುತ್ತದೆ. ಎರಡು ಬೆರಳಲ್ಲಿ ಒತ್ತಿದರೆ ಟಪ್ ಅನ್ನುತ್ತದೆ. ಈ ಒಂದು ಸದ್ದಿಗೆ ನನ್ನ ಮಗಳು ಇಡೀ ಗಿಡ ಖಾಲಿ ಮಾಡುತ್ತಾಳೆ. ಬೆರಳಿನ ತುದಿಗೆ ಇದಕ್ಕಿಂತ ಒಳ್ಳೆಯ ಕಸರತ್ತು ನಾನು ಕಂಡಿಲ್ಲ.

5. ಸುಲಿದ ಕಾಳು ಒಂದು ಬಟ್ಟಲಿಗೆ, ಸಿಪ್ಪೆ ಇನ್ನೊಂದಕ್ಕೆ. ಕಾಳನ್ನು ಮಗುವಿನ ಎದುರಿಗೇ ತೊಳೆದು ಭಜ್ಜಿಗೆ ಹಾಕಿ. ಸಿಪ್ಪೆ ದನಕ್ಕೆ.

ಮೂರರ ಒಳಗಿನವರಿಗೆ ಬಲಿಯದ, ಚಪ್ಪಟೆ ಎಳೆ ಕಾಯಿ ಮಾತ್ರ ಕೊಡಿ, ಮತ್ತು ಪಕ್ಕದಲ್ಲೇ ಇರಿ. ಅವರಿಗೆ ಭಜ್ಜಿಯ ಸೊಪ್ಪನ್ನು ಕೊಡುವುದು ಇನ್ನೂ ಒಳ್ಳೆಯದು. ಮೆಂತ್ಯದ ಸೊಪ್ಪು ಹರಿದು ಕೈ ಮೂಸಲಿ, ಸಬ್ಬಸಿಗೆ ಸೊಪ್ಪು ಕೆನ್ನೆಗೆ ಸವರಿಕೊಳ್ಳಲಿ.

ಹೊಲ ನಿಮ್ಮದೇ ಆಗಿದ್ದು, ಔಷಧಿ ಹೊಡೆದಿಲ್ಲ ಅಂತ ಖಾತ್ರಿ ಇದ್ದರೆ ಇನ್ನೊಂದು ಆಟವಿದೆ. ಹೊಲಕ್ಕೆ ಚರಗ (ಭೂತಾಯಿಯ ಎಡೆ) ಚೆಲ್ಲಲು ಹೋದಾಗ ಕಡಲೆಗಿಡದ ಮೇಲೆ ಮಗುವಿನ ಬೆರಳು ಸವರಿಸಿ, ನೆಕ್ಕಲು ಹೇಳಿ. ಹುಳಿ! ಕಡಲೆ ಎಲೆಯ ಸಣ್ಣ ರೋಮಗಳಲ್ಲಿ ಹುಳಿ ಜಿನುಗುತ್ತದೆ. ರಾತ್ರಿ ಗಿಡದ ಮೇಲೆ ತೆಳು ಬಟ್ಟೆ ಹಾಸಿ, ಬೆಳಿಗ್ಗೆ ಹಿಂಡಿ ಆ ಹುಳಿಯನ್ನು ಕೂಡಿಡುವ ರೂಢಿ ಹಿಂದೆ ಇತ್ತು. ತೊಳೆದ ಗಿಡದಲ್ಲಿ ಈ ಹುಳಿ ಉಳಿಯುವುದಿಲ್ಲ. ಸಂತೆಯಿಂದ ತಂದದ್ದರಲ್ಲಿ ಇದನ್ನು ಮಾಡಲು ಹೋಗಬೇಡಿ.

ಆಮೇಲೆ ಸೀತನಿ ಬರುತ್ತದೆ. ಹಾಲುಗಾಳಿನ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬೆಚ್ಚಗಿರುವಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ ತಿನ್ನುವುದು. ಇದರಲ್ಲಿ ಎಲ್ಲವೂ ಇದೆ. ಹೊಗೆಯ ವಾಸನೆ, ಅಂಗೈಗೆ ಬಿಸಿ, ತಿಕ್ಕುವಾಗ ಚುಚ್ಚುವ ಹೊಟ್ಟು, ಉಫ್ ಅಂದಾಗ ಹಾರುವುದು, ಕೊನೆಗೆ ಸಿಹಿ. ತೆನೆ ಸುಡುವುದು, ಆರಿಸುವುದು ದೊಡ್ಡವರ ಕೆಲಸ. ನಿಮ್ಮ ಮೊಣಕೈಗೆ ಮುಟ್ಟಿಸಿ ಬಿಸಿ ತಾಳುವಂತಿದ್ದರೆ ಮಾತ್ರ ಕೊಡಿ. ಊದುವಾಗ ಹೊರಗೆ ಊದಬೇಕು, ಒಳಗೆ ಎಳೆಯಬಾರದು ಅಂತ ಮೊದಲು ಬರೀ ಕೈಯಲ್ಲಿ ನಾಲ್ಕು ಸಲ ಮಾಡಿಸಿ. ಸಣ್ಣವರಿಗೆ ಕಾಳನ್ನು ಜಜ್ಜಿ ಬೆಲ್ಲ ಸೇರಿಸಿ ಉಂಡೆ ಕಟ್ಟಲು ಬಿಡಿ.

ಸಂಕ್ರಾಂತಿಯ ಹೊತ್ತಿಗೆ ಕೆಲವು ಮನೆಗಳಲ್ಲಿ ಸಣ್ಣ ಮಕ್ಕಳನ್ನು ಮಣೆ ಮೇಲೆ ಕೂರಿಸಿ ತಲೆ ಮೇಲೆ ಬಾರಿಹಣ್ಣು (ಬೋರೆಹಣ್ಣು), ಕಬ್ಬಿನ ತುಂಡು, ಚುರುಮುರಿ ಎರೆಯುತ್ತಾರೆ. ಯಾವ ಪುಸ್ತಕವೂ ಇಲ್ಲದ ಕಾಲದಲ್ಲೇ ನಮ್ಮವರು ಇಂಥ ಆಟ ಆಡಿಸುತ್ತಿದ್ದರು ನೋಡಿ. ಎರೆದ ಕೂಡಲೇ ಬಾರಿಹಣ್ಣು ಮತ್ತು ಚಿಲ್ಲರೆ ನಾಣ್ಯ ಆರಿಸಿಬಿಡಿ. ಬಾರಿಬೀಜ ಗಂಟಲಿನ ಅಳತೆಗೇ ಇರುತ್ತದೆ.

ಬೇಸಿಗೆ: ಬಣ್ಣ ಮತ್ತು ಮಂಜುಗಡ್ಡೆ

ಏಪ್ರಿಲ್, ಮೇ ತಿಂಗಳಲ್ಲಿ 42, 43 ಡಿಗ್ರಿ ನಮಗೆ ಹೊಸದಲ್ಲ. ಬೆಳಿಗ್ಗೆ ಒಂಬತ್ತರೊಳಗೆ ಆಟ ಮುಗಿಯಬೇಕು, ಇಲ್ಲವೇ ಸಂಜೆ ಆರರ ಮೇಲೆ. ಈ ಬಿಸಿಗೆ ಮೊಸರು, ಹಿಟ್ಟು, ಹಣ್ಣು ಎಲ್ಲ ಬೇಗ ಕೆಡುತ್ತವೆ. ಅರ್ಧ ತಾಸು ಆದ ಮೇಲೆ ಪರಾತ ಎತ್ತಿಬಿಡಿ.

ಹೋಳಿಗೆ ಮಗು ಬಣ್ಣ ಬೇಡುತ್ತದೆ. ಅಂಗಡಿ ಬಣ್ಣ ಬೇಡ. ಮೂರು ಬಟ್ಟಲಲ್ಲಿ ಎರಡೆರಡು ಚಮಚ ಗಟ್ಟಿ ಮೊಸರು ಹಾಕಿ. ಒಂದಕ್ಕೆ ಚಿಟಿಕೆ ಅರಿಶಿನ, ಒಂದಕ್ಕೆ ಬೀಟ್‌ರೂಟ್ ರಸ, ಒಂದಕ್ಕೆ ಪಾಲಕ್ ರಸ. ಪರಾತವನ್ನೇ ಹಲಗೆ ಮಾಡಿಕೊಂಡು ಮಗು ಬೆರಳಲ್ಲಿ ಬಳಿಯಲಿ. ಬೀಟ್‌ರೂಟ್ ಕಲೆ ಬಟ್ಟೆಯಿಂದ ಬಿಡುವುದಿಲ್ಲ, ಅಂಗಿ ಬಿಚ್ಚಿಸಿ ಕೂರಿಸಿ.

ನಾಲ್ಕು ವರ್ಷ ದಾಟಿದವರಿಗೆ ಅರಿಶಿನದ ಒಂದು ಮೋಜು ತೋರಿಸಿ. ಅರಿಶಿನದ ನೀರಿಗೆ ಚಿಟಿಕೆ ಅಡುಗೆಸೋಡಾ ಹಾಕಿದರೆ ಹಳದಿ ಕೆಂಪಾಗುತ್ತದೆ. ಮೇಲೆ ನಿಂಬೆರಸ ಹಿಂಡಿದರೆ ನೊರೆ ಬಂದು ಮತ್ತೆ ಹಳದಿ. ಇಂಥ ಓಕುಳಿ ನೀರನ್ನು ನಮ್ಮಲ್ಲಿ ಸುಣ್ಣ ಹಾಕಿ ಮಾಡುವುದು ರೂಢಿ. ದಯವಿಟ್ಟು ಮಕ್ಕಳ ಆಟಕ್ಕೆ ಸುಣ್ಣ ತರಬೇಡಿ. ಕಣ್ಣಿಗೆ ಬಿದ್ದರೆ ಸುಟ್ಟುಹೋಗುತ್ತದೆ, ದೃಷ್ಟಿಯೇ ಹೋಗಬಹುದು. ಎಲೆಅಡಿಕೆ ತಟ್ಟೆಯಲ್ಲಿರುವ ಸುಣ್ಣದ ಟ್ಯೂಬನ್ನೂ ಎತ್ತರದಲ್ಲಿಡಿ. ಮಕ್ಕಳು ಅದನ್ನು ಹಿಚುಕಿದಾಗ ನೇರ ಮುಖಕ್ಕೆ ಚಿಮ್ಮುತ್ತದೆ.

ಯುಗಾದಿಯ ದಿನ ಬೇವು ಮಾಡುವಾಗ ಒಂದೊಂದು ಬಟ್ಟಲಲ್ಲಿ ಬೇವಿನ ಹೂ, ಹುಣಸೆರಸ, ಬೆಲ್ಲ, ತುರಿದ ಮಾವಿನಕಾಯಿ ಇಟ್ಟು ಬೆರಳು ಅದ್ದಿಸಿ. ಪ್ರತಿ ರುಚಿಗೂ ಮುಖ ಹೇಗಾಗುತ್ತದೆ ಅಂತ ಕನ್ನಡಿ ಹಿಡಿಯಿರಿ. ಇಷ್ಟೇ ಆಟ. ಇಡೀ ಮನೆ ನಗುತ್ತದೆ.

ಸುಡುಬಿಸಿಲಿಗೆ ಮಂಜುಗಡ್ಡೆ ಬೇಕೇ ಬೇಕು. ಆದರೆ ಫ್ರಿಜ್ಜಿನ ಟ್ರೇಯ ಸಣ್ಣ ತುಂಡು ಬೇಡ, ಅದು ಗಂಟಲಿಗೆ ಸಿಕ್ಕುತ್ತದೆ. ಕುದಿಸಿ ಆರಿಸಿದ ನೀರನ್ನು ಅಗಲ ಸ್ಟೀಲ್ ಬಟ್ಟಲಿಗೆ ತುಂಬಿ, ಪುದೀನಾ ಎಲೆ, ಬೀಜ ತೆಗೆದ ನಿಂಬೆ ಬಿಲ್ಲೆ ಹಾಕಿ ರಾತ್ರಿ ಫ್ರೀಜರಿನಲ್ಲಿಡಿ. ಕರೆಂಟ್ ಹೋಗುವ ದಿನಗಳಲ್ಲಿ ಇಡೀ ದಿನ ಬಿಟ್ಟರೂ ಸರಿ. ಬೆಳಿಗ್ಗೆ ಗಡ್ಡೆಯನ್ನು ಪರಾತಕ್ಕೆ ಹಾಕಿ, ಒಂದು ಚರಿಗೆ ಉಗುರುಬೆಚ್ಚಗಿನ ನೀರು, ಒಂದು ಸೌಟು ಕೊಡಿ. ಒಳಗಿನ ಎಲೆ ಹೊರಗೆ ತರುವುದು ಮಗುವಿನ ಕೆಲಸ. ನೀರು ಹೊಯ್ದಲ್ಲಿ ಗುಂಡಿ ಬೀಳುತ್ತದೆ, ಗಡ್ಡೆ ಚಟ್ ಅಂತ ಬಿರಿಯುತ್ತದೆ, ಪುದೀನಾ ಘಮ ಮೇಲೆ ಬರುತ್ತದೆ. ಬರಿಗೈಯಲ್ಲಿ ಬಹಳ ಹೊತ್ತು ಹಿಡಿಯಲು ಬಿಡಬೇಡಿ, ನಡುನಡುವೆ ಕೈ ಒರೆಸಿ. ಉಳಿದ ನೀರು ತುಳಸಿಗೆ. ಬಕೆಟ್ ತುಂಬ ನೀರು ಇಟ್ಟು ಮಾತ್ರ ಒಳಗೆ ಹೋಗಬೇಡಿ. ಗೇಣುದ್ದ ನೀರಿದ್ದರೂ ಸಣ್ಣ ಮಗುವಿಗೆ ಅದು ಬಾವಿ.

ಕಲ್ಲಂಗಡಿ ಸಿಪ್ಪೆಯ ದೋಣಿ, ಮಾಳಿಗೆ ಮೇಲೆ ಸಂಡಿಗೆ ಹಾಕುವಾಗ ಮಗುವಿಗೂ ಒಂದು ಮುದ್ದೆ ಹಿಟ್ಟು, ಇಂಥವು ನಿಮಗೇ ಹೊಳೆಯುತ್ತವೆ.

ಮಳೆಗಾಲ: ಹಿಟ್ಟಿನ ಎತ್ತು

ಮಣ್ಣೆತ್ತಿನ ಅಮಾಸಿ ಬರುವುದು ಜೂನ್, ಜುಲೈ ಹೊತ್ತಿಗೆ. ಎರೆಮಣ್ಣಿನಲ್ಲಿ ಎತ್ತು ಮಾಡಿ ಪೂಜೆ ಮಾಡುತ್ತೇವೆ. ಸಣ್ಣ ಕೂಸು ಎತ್ತಿನ ಕಾಲು ಮುರಿದು ಬಾಯಿಗೆ ಹಾಕುತ್ತದೆ. ಅದಕ್ಕೇ ದೊಡ್ಡವರಿಗೆ ಮಣ್ಣೆತ್ತು, ಸಣ್ಣವರಿಗೆ ಹಿಟ್ಟಿನ ಎತ್ತು.

ಜೋಳದ ಹಿಟ್ಟಿನಲ್ಲಿ ಗೋಧಿಯ ಹಾಗೆ ಜಿಗುಟು ಇಲ್ಲ. ತಣ್ಣೀರಿನಲ್ಲಿ ಕಲಸಿದರೆ ಬಿರಿಯುತ್ತದೆ. ಎಸರು ಹಾಕಿದಾಗ ಹಿಟ್ಟು ಬೆಂದು ಅಂಟು ಬರುತ್ತದೆ, ರೊಟ್ಟಿ ನಿಲ್ಲುವುದೂ ಅದರಿಂದಲೇ. ಆಟದ ಹಿಟ್ಟನ್ನು ಅದಕ್ಕಿಂತ ಜಾಸ್ತಿ ಬೇಯಿಸಬೇಕು.

ಒಂದೂಕಾಲು ಬಟ್ಟಲು ನೀರನ್ನು ಒಂದು ಚಮಚ ಎಣ್ಣೆ ಹಾಕಿ ಕುದಿಸಿ. ಉರಿ ಸಣ್ಣ ಮಾಡಿ ಒಂದು ಬಟ್ಟಲು ಜೋಳದ ಹಿಟ್ಟು ಸುರಿಯಿರಿ. ಮುದ್ದೆ ತಿರುವುವ ಹಾಗೆ ಗಂಟಿಲ್ಲದಂತೆ ತಿರುವಿ, ಮುಚ್ಚಿ ಐದು ನಿಮಿಷ ಬೇಯಿಸಿ. ಇಳಿಸಿ ಆರಲು ಬಿಡಿ. ಹೊರಗೆ ತಣ್ಣಗಾದರೂ ಒಳಗೆ ಬಿಸಿ ಉಳಿದಿರುತ್ತದೆ, ಅದಕ್ಕೆ ಒಡೆದು ಆರಿಸಿ. ಬೆಚ್ಚಗಾದ ಮೇಲೆ ಕೈಗೆ ನೀರು ಹಚ್ಚಿಕೊಂಡು ಚೆನ್ನಾಗಿ ನಾದಿ. ಬಿರಿದರೆ ಇನ್ನೊಂದು ಸ್ವಲ್ಪ ನೀರು, ಅಂಟಿದರೆ ಸ್ವಲ್ಪ ಎಣ್ಣೆ. ಅರ್ಧಕ್ಕೆ ಅರಿಶಿನ ಹಾಕಿದರೆ ಹಳದಿ ಎತ್ತು.

ಎತ್ತಿಗೆ ಮೊದಲು ಒಂದು ದಪ್ಪ ಉಂಡೆ, ಅದನ್ನು ಉದ್ದ ಮಾಡಿದರೆ ಮೈ. ಕೆಳಗಿನಿಂದ ನಾಲ್ಕು ಕಡೆ ಎಳೆದರೆ ಕಾಲು. ಬೆನ್ನ ಮೇಲೆ ಎರಡು ಬೆರಳಲ್ಲಿ ಚಿವುಟಿದರೆ ಇಣಿ, ಅಂದರೆ ಡುಬ್ಬ. ಕೋಡು ಮಾತ್ರ ಬೇರೆ ಹೊಸೆದು ಅಂಟಿಸಬೇಕು. ಕಣ್ಣಿಗೆ ಕಾಳು ಚುಚ್ಚಬೇಡಿ, ಚಮಚದ ಹಿಡಿಯಿಂದ ಒತ್ತಿದರೆ ಸಾಕು. ಎರಡು ವರ್ಷದವರು ಎತ್ತು ಮಾಡುವುದಿಲ್ಲ, ಹಿಚುಕುತ್ತಾರೆ. ಹಿಚುಕಲಿ ಬಿಡಿ. ಕೈ ಹಿಡಿದು ಮಾಡಿಸಿದರೆ ಅದು ನಿಮ್ಮ ಎತ್ತು. ಸಂಜೆಯೊಳಗೆ ಆಟ ಮುಗಿಸಿ. ಬೀದಿಯ ಹಸುವಿಗೆ ಕೊಡುವುದಾದರೆ ಒಂದು ಹಿಡಿಗಿಂತ ಜಾಸ್ತಿ ಬೇಡ, ಬೆಂದ ಹಿಟ್ಟು ಜಾಸ್ತಿ ತಿಂದರೆ ಅದರ ಹೊಟ್ಟೆ ಕೆಡುತ್ತದೆ.

ಹೆಸರಿನ ರಾಶಿ ಬಂದಾಗ ಮೊಳಕೆ ಕಟ್ಟಿ. ರಾತ್ರಿ ನೆನೆಸಿ, ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಮಗುವಿನ ಕೈಯಿಂದಲೇ ಗಂಟು ಕಟ್ಟಿಸಿ. ಹೊತ್ತಿಗೊಮ್ಮೆ ಗಂಟು ಮುಟ್ಟಿ ನೋಡಲಿ. ಮರುದಿನ ಬಿಚ್ಚಿದಾಗ ಬಾಲ ಬಂದಿರುತ್ತದೆ. ತಿನ್ನುವ ಮೊದಲು ಹಬೆಯಲ್ಲಿ ಬೇಯಿಸಿ.

ನಾಗರ ಪಂಚಮಿಗೆ ಅಳ್ಳು ಹುರಿಯುವಾಗ ಮಗುವನ್ನು ಒಲೆಯಿಂದ ದೂರ ಕೂರಿಸಿ, ಕಣ್ಣು ಮುಚ್ಚಿ ಪಟಪಟ ಸದ್ದು ಕೇಳಲು ಹೇಳಿ. ಸದ್ದು ನಿಧಾನ ಆದಾಗ ಕೈ ಎತ್ತಬೇಕು. ಇಡೀ ಅಳ್ಳು ನಾಲ್ಕರ ಮೇಲಿನವರಿಗೆ ಮಾತ್ರ ಅಂತ ಆಗಲೇ ಹೇಳಿದೆ. ಆದರೆ ಅಳ್ಳನ್ನು ಬೀಸಿದರೆ ಅಳ್ಳಿಟ್ಟು. ನನ್ನ ಪ್ರಕಾರ ಸಣ್ಣ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಆಟದ ಸಾಮಾನು ಇಲ್ಲ. ಬೆಂಕಿ ಕಂಡ ಹಿಟ್ಟು, ಹಸಿ ಅಲ್ಲ. ಹೊಟ್ಟು ಉಳಿಯದಂತೆ ನುಣ್ಣಗೆ ಜರಡಿ ಹಿಡಿಯಿರಿ. ಎರಡು ಹಿಡಿ ಅಳ್ಳಿಟ್ಟಿಗೆ ಒಂದು ಚಮಚ ತುಪ್ಪ, ಒಂದು ಚಮಚ ಬೆಲ್ಲದ ಪುಡಿ ಹಾಕಿ ಬೆರಳ ತುದಿಯಲ್ಲಿ ತಿಕ್ಕಿ. ಒಣಗಿದ್ದಂತೆ ಅನಿಸಿದರೆ ಇನ್ನಷ್ಟು ತುಪ್ಪ ಹಾಕಿ, ಪುಡಿ ಮೂಗಿಗೆ ಹಾರಬಾರದು. ಈಗ ಅದು ಭೀಮಾ ದಂಡೆಯ ಒದ್ದೆ ಮರಳಿನ ಹಾಗೆ ಇರುತ್ತದೆ. ಬಟ್ಟಲಿಗೆ ಒತ್ತಿ ತುಂಬಿ ಬೋರಲು ಹಾಕಿದರೆ ಗೋಪುರ ನಿಲ್ಲುತ್ತದೆ, ಬೆರಳು ಚುಚ್ಚಿದರೆ ಕುಸಿಯುತ್ತದೆ. ಒಂದು ವರ್ಷ ದಾಟಿದ ಕೂಸೂ ಆಡಬಹುದು. ಆಟ ಆದ ಮೇಲೆ ಎಲ್ಲಿಗೆ ಅಂತ ಈ ಒಂದರಲ್ಲಿ ಮಾತ್ರ ಯೋಚಿಸಬೇಕಿಲ್ಲ. ಗೋಪುರ ಕಟ್ಟಿದವರೇ ಅದನ್ನು ತಿಂದು ಮುಗಿಸಿರುತ್ತಾರೆ. ಧೋತರದ ಮೇಲೆ ಉದುರಿದ್ದನ್ನು ಝಾಡಿಸಿದರೆ ಅಂಗಳದ ಇರುವೆಗಳಿಗೂ ಪಂಚಮಿ.